ಎರಡನೇ ಸಾಹೇಬರು ಫೋನು ಆರಿಸಿದ್ದು

ಮಾದರಿಗೆ ಬಂದ ಮೂರರಲ್ಲಿ ಮೊದಲನೆಯ ಫೋನಿನ ರಿಸೀವರನ್ನು ಎತ್ತಿ ಕಿವಿಗೆ ಹಿಡಿದ, ಇಟ್ಟ. ಎರಡನೆಯದನ್ನು ಎತ್ತಿದ, ಇಟ್ಟ. ಮೂರನೆಯದನ್ನು ಎತ್ತಿದವನು ಮಾತ್ರ ಇಡಲಿಲ್ಲ. ಅದಕ್ಕೊಂದು ತೂಕವಿತ್ತು. ತೂಕ ಇರಬೇಕಾದ್ದು ಮಾತಿಗೆ ಕಣಯ್ಯಾ, ಫೋನಿಗಲ್ಲ ಎಂದು ಪಕ್ಕದಲ್ಲಿ ಯಾರಾದರೂ ಹೇಳಿದ್ದರೆ ಒಪ್ಪಿಕೊಂಡೂ ಬಿಡುತ್ತಿದ್ದನೇನೋ, ಯಾರು ಏನು ಹೇಳಿದರೂ ಒಪ್ಪಿಕೊಳ್ಳುವುದು ಅವನ ಹಳೆಯ ಅಭ್ಯಾಸ; ಆದರೆ ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದರಿಂದ ಹೇಳುವವರು ಯಾರೂ ಇರಲಿಲ್ಲ. ಫೋನಿಗೆ ಇನ್ನೂ ತಂತಿ ಸಿಕ್ಕಿಸಿರಲಿಲ್ಲ. ಜೀವವಿಲ್ಲದ ಆ ಪ್ಲಾಸ್ಟಿಕ್ಕಿಗೆ ಬಾಯಿಟ್ಟು "ಹಲೋ" ಎಂದ. ಸರಿ ಬರಲಿಲ್ಲ. ದೊಡ್ಡ ಸಾಹೇಬರು ಹಲೋ ಅನ್ನುವುದಿಲ್ಲ, "ಹೇಳೀ" ಅನ್ನುತ್ತಾರೆ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು, ಮೂಗಿನಿಂದ. ಹಲೋ ಅನ್ನುವವನು ಆ ಕಡೆ ಯಾರಿದ್ದಾರೋ ಎಂದು ಹೆದರಿಕೊಂಡಿರುವವನು. ಹೇಳೀ ಅನ್ನುವವನಿಗೆ ಯಾರಿದ್ದರೂ ಒಂದೇ. "ಹೇಳೀ" ಎಂದ. ಇನ್ನೊಂದು ಸಲ, ಮೂಗಿನಿಂದ, "ಹೇಳೀ" ಎಂದ. ಕಸ ಗುಡಿಸುವವಳು ಬಾಗಿಲಲ್ಲಿ ನಿಂತು "ಏನ್ ಹೇಳ್ಲಿ ಸಾರ್?" ಎಂದಳು. "ಏನಿಲ್ಲ, ನೀನು ಗುಡಿಸು" ಎಂದು ರಿಸೀವರನ್ನಿಟ್ಟು, ಅದರ ಮೇಲೆ ಇಲ್ಲದ ಧೂಳನ್ನು ಅಂಗೈಯಿಂದ ಒರೆಸಿದ.

ಆಫೀಸಿನಲ್ಲಿ ಅವನನ್ನು ಎರಡನೇ ಸಾಹೇಬರು ಎನ್ನುತ್ತಾರೆ. ಊರಿಂದೂರಿಗೆ ಸಾಮಾನು ಸಾಗಿಸುವ ಕಂಪನಿಯ ಕಚೇರಿ ಅದು. ಹಿಂದುಗಡೆ ಗೋದಾಮು, ಮುಂದುಗಡೆ ಮೇಜುಗಳು, ಮೇಜುಗಳ ಮೇಲೆ ಬೆಳಗಿಂದ ಸಂಜೆಯವರೆಗೆ ಬಡಿದುಕೊಳ್ಳುವ ಫೋನುಗಳು. ಒಂದು ಗಾಜಿನ ಕೋಣೆಯಲ್ಲಿ ದೊಡ್ಡ ಸಾಹೇಬರು, ಇನ್ನೊಂದು ಸಣ್ಣ ಗಾಜಿನ ಕೋಣೆಯಲ್ಲಿ ಲೆಕ್ಕಪತ್ರದ ಮೇಡಂ. ಇವನಿಗೆ ಗಾಜಿಲ್ಲ, ಎದೆಮಟ್ಟದ ಹಲಗೆಯ ಮರೆ ಮಾತ್ರ, ಅದೂ ದೊಡ್ಡ ಸಾಹೇಬರ ಬಾಗಿಲ ಪಕ್ಕದಲ್ಲಿ, ಹೊಸಬರು ಬಂದರೆ ಇವನನ್ನು ಬಾಗಿಲು ಕಾಯುವವನೆಂದು ತಿಳಿದು "ಸಾಹೇಬ್ರು ಇದಾರಾ?" ಎಂದು ಕೇಳುವುದುಂಟು. ಇವನು ಎದ್ದು ನಿಂತು "ಇದಾರೆ" ಎನ್ನುವುದೂ ಉಂಟು. ಮೊದಲನೆಯವರು ಎಷ್ಟೋ ಜನ ಬಂದರು, ಹೋದರು, ಎರಡನೆಯವನು ಮಾತ್ರ ಅಲುಗಾಡಲಿಲ್ಲ. ಹಿಂದಿನ ಸಲ ಕುರ್ಚಿ ಖಾಲಿಯಾದಾಗ ಇನ್ನೇನು ತನ್ನದೇ ಎಂದು ಹೊಸ ಎರಡು ಅಂಗಿ ಹೊಲಿಸಿಕೊಂಡಿದ್ದ. ಹೆಡ್ಡಾಫೀಸಿನವರು ಈಗಿರುವ ದೊಡ್ಡ ಸಾಹೇಬರನ್ನು ಹೊರಗಿನಿಂದ ತಂದು ಕೂರಿಸಿದರು. ಆ ಸಂಜೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತ. ನೀರಿನ ಸದ್ದಿನಲ್ಲಿ ಕೇಳಿಸಿರಲಾರದು ಎಂದುಕೊಂಡಿದ್ದಾನೆ. ಬಕೆಟ್ಟು ತುಂಬಿ ಹರಿದು, ನೀರು ಅಡುಗೆಮನೆಯ ಹೊಸ್ತಿಲವರೆಗೆ ಬಂದು, ಹೆಂಡತಿ ಮಾತಿಲ್ಲದೆ ಬಟ್ಟೆ ತಂದು ನೆಲ ಒರೆಸಿದ್ದು ಅವನಿಗೆ ನೆನಪಿದೆ, ಆದರೆ ನೀರು ಒರೆಸಿದಳು ಎಂದಷ್ಟೇ ನೆನಪು.

ಈಗ ಮತ್ತೆ ಕುರ್ಚಿ ಖಾಲಿಯಾಗುವ ಕಾಲ ಬಂದಿತ್ತು. ದೊಡ್ಡ ಸಾಹೇಬರು ಹೆಡ್ಡಾಫೀಸಿಗೆ ಹೋಗುತ್ತಾರೆ, ಅವರ ಜಾಗಕ್ಕೆ ಈ ಸಲ ಒಳಗಿನವರನ್ನೇ ಹಾಕುತ್ತಾರೆ ಎಂಬ ಸುದ್ದಿ. ಒಳಗಿನವರು ಎಂದರೆ ಇಬ್ಬರೇ, ಒಂದು ಇವನು, ಇನ್ನೊಂದು ಮೇಡಂ. ಮೇಡಂಗೇ ಅಂತೆ ಎಂದು ಗೋದಾಮಿನಲ್ಲಿ ಯಾರೋ ಅಂದದ್ದು ಕಿವಿಗೆ ಬಿದ್ದ ದಿನದಿಂದ ಮನೆಯಲ್ಲಿ ಅವನ ಬಾಯಿಗೆ ಬೀಗ ಬಿದ್ದಿತು. ತಟ್ಟೆಯ ಮುಂದೆ ಕೂತು ಎದ್ದುಬಿಡುವುದು, ಗಡ್ಡ ಬಿಡುವುದು, ಆರಿಸಿಟ್ಟ ಟಿವಿಯನ್ನು ನೋಡುತ್ತಾ ಕೂರುವುದು. ಹೀಗೇ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ದೊಡ್ಡ ಸಾಹೇಬರು ಒಳಗೆ ಕರೆದರು. ಕೂತುಕೊಳ್ಳಿ ಎಂದರು, ಅದೇ ಒಂದು ಹೊಸದು. "ಈ ಹಳೇ ಫೋನುಗಳ ಸಹವಾಸ ಸಾಕಾಯ್ತು ಕಣ್ರೀ. ಇಂಟರ್ನೆಟ್ ಮೇಲೆ ನಡೆಯೋ ಫೋನ್ ಹಾಕಿಸ್ತಾ ಇದೀವಿ. ಯಾವ ಮೇಜಿಗೆ ಎಂಥ ಫೋನು ಅಂತ ನೀವೇ ಕೂತು ಆರಿಸಿ. ನಿಧಾನವಾಗಿ ಮಾಡಿ, ಅವಸರ ಇಲ್ಲ. ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಹೇಳ್ಲಿ ನಾನು?" ಹೇಳುವಾಗ ಅವರು ಇವನ ಮುಖ ನೋಡಲಿಲ್ಲ, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ದೊಡ್ಡವರು ದೊಡ್ಡ ಮಾತಾಡುವಾಗ ಹಾಗೇ ಎಂದುಕೊಂಡ ಇವನು. ನಿಮ್ಮನ್ನ ಬಿಟ್ರೆ ಇನ್ಯಾರಿಗೆ! ಆ ಮಾತನ್ನು ಮನೆಗೆ ಕೊಂಡೊಯ್ದು, ಊಟದಲ್ಲಿ ಅದನ್ನೇ ನೆಂಚಿಕೊಂಡು ಉಂಡ. ಎಲ್ಲರ ಫೋನನ್ನೂ ಆರಿಸುವವನು ಎಂದರೆ ಯಾರು ಎಷ್ಟರವರು ಎಂದು ತೀರ್ಮಾನಿಸುವವನು. ಅದನ್ನು ತೀರ್ಮಾನಿಸುವವನು ನಾಳೆ ಆ ಕುರ್ಚಿಯಲ್ಲಿ ಕೂರುವವನಲ್ಲದೆ ಇನ್ಯಾರು? ಮಾರನೆಯ ದಿನ ಗಡ್ಡ ಬೋಳಿಸಿಕೊಂಡ. ಹೊಲಿಸಿಟ್ಟ ಅಂಗಿಗಳಲ್ಲಿ ಒಂದನ್ನು ತೆಗೆದ. ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು.

ಫೋನಿನವನು ಬಂದ. ಮಾರುವವನು ಎಂದು ತನ್ನನ್ನು ಕರೆದುಕೊಳ್ಳದೆ ಸಲಹೆಗಾರ ಎಂದು ಕರೆದುಕೊಳ್ಳುವ, ಮಾತಿಗೊಮ್ಮೆ ಸಾರ್ ಎನ್ನುವ ಮನುಷ್ಯ. ಚೀಲದಿಂದ ಮೂರು ಬಗೆ ತೆಗೆದಿಟ್ಟ. ಒಂದಕ್ಕೆ ಪರದೆಯೇ ಇಲ್ಲ, ಬರೀ ಗುಂಡಿಗಳು. ಇನ್ನೊಂದಕ್ಕೆ ಬೆಂಕಿಪೊಟ್ಟಣದಷ್ಟು ಪರದೆ, ಯಾರು ಮಾಡುತ್ತಿದ್ದಾರೆ ಎಂದು ಹೆಸರು ಬರುತ್ತದೆ. ಮೂರನೆಯದು ಬಣ್ಣದ ಪರದೆಯದು, ಪಕ್ಕಕ್ಕೆ ಸಾಲು ದೀಪದ ಗುಂಡಿಗಳ ಹಲಗೆ. "ಇಂಟರ್ನೆಟ್ ತಂತಿ ಒಂದೇ ಸಾಕು ಸಾರ್, ಕರೆಂಟೂ ಅದರಲ್ಲೇ ಬರುತ್ತೆ" ಎಂದ. "ಇಂಟರ್ನೆಟ್ ಹೋದ್ರೆ?" ಎಂದ ಇವನು. "ಫೋನೂ ಹೋಗುತ್ತೆ ಸಾರ್." "ಹಾಗಾದ್ರೆ ಇಂಟರ್ನೆಟ್ ಹೋಗಿದೆ ಅಂತ ನಿಮಗೆ ಫೋನ್ ಮಾಡೋದು ಹೇಗೆ?" ಫೋನಿನವನು ಒಂದು ಗಳಿಗೆ ಇವನ ಮುಖ ನೋಡಿ, "ಒಳ್ಳೇ ಪ್ರಶ್ನೆ ಸಾರ್" ಎಂದ. ಉತ್ತರ ಇವನಿಗೆ ಬೇಕೂ ಆಗಿರಲಿಲ್ಲ. ಒಳ್ಳೇ ಪ್ರಶ್ನೆ ಎಂದು ಶಾಲೆ ಬಿಟ್ಟ ಮೇಲೆ ಅವನಿಗೆ ಯಾರೂ ಹೇಳಿರಲಿಲ್ಲ, ಶಾಲೆಯಲ್ಲೂ ಹೇಳಿದ ನೆನಪಿಲ್ಲ. ಸಂಜೆ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಆ ಪ್ರಶ್ನೆಯನ್ನು ಇನ್ನೊಮ್ಮೆ ತಾನೇ ಕೇಳಿಕೊಂಡು, ಫೋನಿನವನ ಮುಖವನ್ನು ನೆನೆದು, ಇಳಿಯುವ ಜಾಗ ಬಿಟ್ಟು ಮುಂದೆ ಹೋಗಿಬಿಟ್ಟ.

ಆರಿಸುವವನ ಹತ್ತಿರ ಜನ ಬರಬೇಕಲ್ಲ, ಬಂದರು. ಅದುವರೆಗೆ ಇವನ ಮೇಜಿನ ಮುಂದಿನ ಕುರ್ಚಿಯನ್ನು ಬ್ಯಾಗಿಡಲು ಬಳಸುತ್ತಿದ್ದವರೆಲ್ಲ ಈಗ ಅದರಲ್ಲಿ ಕೂತು, "ನನ್ನ ಕೆಲಸ ನಿಮಗೆ ಗೊತ್ತಲ್ಲ ಸಾರ್, ಹೆಸರು ಬರೋದಾದ್ರೆ ಅನುಕೂಲ" ಎಂದು ಹಲ್ಲು ಕಿರಿಯತೊಡಗಿದರು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ ದಿನಕ್ಕೆ ಎರಡು ಕರೆಯೂ ಬಾರದ ಮೇಜಿನವನಿಗೂ ಬಣ್ಣದ ಪರದೆಯೇ ಬೇಕು. ಇವನು ಗಂಭೀರನಾಗಿ "ನೋಡೋಣ" ಎನ್ನುತ್ತಿದ್ದ. ನೋಡೋಣ ಎನ್ನುವ ಮಾತಿನಲ್ಲಿ ಇಷ್ಟು ರುಚಿ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ, ಇಷ್ಟು ವರ್ಷ ಅದನ್ನು ಕೇಳಿಸಿಕೊಂಡವನೇ ಹೊರತು ಆಡಿದವನಲ್ಲ. ರವಾನೆ ವಿಭಾಗದ ಗುಮಾಸ್ತ ಒಬ್ಬನಿದ್ದಾನೆ, ಎಲ್ಲರೂ ಅವನನ್ನು ಗಂಟಲು ಎಂದೇ ಕರೆಯುವುದು. ಅವನು ಮಾತಾಡಿದರೆ ಫೋನಿಲ್ಲದೆಯೂ ಪಕ್ಕದ ಊರಿಗೆ ಕೇಳುತ್ತದೆ ಎಂದು ತಮಾಷೆ. ನಮ್ಮ ಸಾಮಾನು ಎಲ್ಲಿಗೆ ಬಂತು ಎಂದು ಬೈಯುವ ಗಿರಾಕಿಗಳನ್ನೆಲ್ಲ ಸಂಭಾಳಿಸುವವನು ಅವನೇ. ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಬರೆದು ಬರೆದು, ರಜೆಯ ದಿನವೂ ಅವನ ತಲೆ ಎಡಕ್ಕೇ ವಾಲಿರುತ್ತದೆ. "ಸಾರ್, ಈ ಮೂರೂ ಬೇಡ ನನಗೆ. ತಲೆಗೆ ಹಾಕ್ಕೊಳ್ಳೋದು ಬರುತ್ತಂತಲ್ಲ, ಅದೊಂದು ಕೊಡ್ಸಿ. ಕತ್ತು ಹಿಡ್ಕೊಂಡು ಸಾಯ್ತಾ ಇದೀನಿ." "ನೋಡೋಣ ಇರಯ್ಯಾ. ಹಂತ ಅಂತ ಒಂದಿರುತ್ತಲ್ಲ. ನಿನ್ನ ಹಂತಕ್ಕೆ ಪರದೆ ಇಲ್ಲದ್ದು." "ಕತ್ತಿಗೆ ಯಾವ ಹಂತ ಸಾರ್?" ಎಂದ ಗಂಟಲು, ತನ್ನ ಮಟ್ಟಿಗೆ ಮೆಲ್ಲಗೆ. ಇಡೀ ಆಫೀಸು ತಿರುಗಿ ನೋಡಿತು.

ಮೇಡಂ ಮಾತ್ರ ಬರಲಿಲ್ಲ. ಕೊನೆಗೆ ಇವನೇ ಅವಳ ಗಾಜಿನ ಬಾಗಿಲು ತಟ್ಟಿದ. "ನಿಮಗೆ ಎಂಥದ್ದು ಬೇಕು ಅಂತ..." "ಯಾವುದಾದ್ರೂ ನಡೆಯುತ್ತೆ ಸಾರ್. ರಿಂಗಾದ್ರೆ ಸಾಕು" ಎಂದು ನಕ್ಕಳು. ಅವಳು ನಕ್ಕದ್ದು ಸಹಜವಾಗಿಯೇ ಇತ್ತು. ಇವನಿಗೆ ಮೈ ಉರಿಯಿತು. ಯಾವುದಾದರೂ ನಡೆಯುತ್ತದೆ ಎಂದು ಯಾರು ಹೇಳುತ್ತಾರೆ? ಎಲ್ಲವೂ ತನ್ನದೇ ಎಂದು ಗೊತ್ತಿರುವವರು. ಕೆಲಸಕ್ಕೆ ಸೇರಿದ ದಿನ ಲಾರಿ ರಸೀದಿ ಎಂದರೆ ಏನೆಂದು ಗೊತ್ತಿರದೆ ಇದೇ ಹೆಂಗಸು ತನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಕಲಿತಿದ್ದಳಲ್ಲ. ಎಷ್ಟು ಬೇಗ ಕಲಿತಳು! ಆಮೇಲೊಂದು ಸಲ ಹೆಡ್ಡಾಫೀಸಿನಿಂದ ಅವಳಿಗೆ ಕರೆ ಬಂದು, ಅವಳು ಇರದೆ, ಇವನು ಎತ್ತಿ, ಮಧ್ಯಾಹ್ನದೊಳಗೆ ಮಾತಾಡಲು ಹೇಳಿ ಎಂದು ಅವರು ಹೇಳಿದ್ದನ್ನು ಇವನು ಮಧ್ಯಾಹ್ನ ಕಳೆದ ಮೇಲೆ ಹೇಳಿದ್ದ. ಮರೆತಿದ್ದನೋ, ಮರೆತವನ ಹಾಗೆ ಇದ್ದನೋ, ಈಗ ಅವನಿಗೇ ತಿಳಿಯದು. ಅವಳು "ಪರವಾಗಿಲ್ಲ ಬಿಡಿ ಸಾರ್" ಎಂದಿದ್ದಳು, ಆ ಗಾಜಿನ ಕೋಣೆ ಅವಳಿಗೆ ಹೇಗೂ ಸಿಕ್ಕಿತು. ಬೈದಿದ್ದರೆ ಚೆನ್ನಾಗಿತ್ತು, ಬೈದವರನ್ನು ಮರೆಯಬಹುದು. "ಹಾಗಲ್ಲ, ಒಂದು ಅಭಿಪ್ರಾಯ ಅಂತ ಇರಬೇಕಲ್ಲ" ಎಂದ ಇವನು, ಸ್ವಲ್ಪ ಗಟ್ಟಿಯಾಗಿ. "ಸರಿ, ಕಪ್ಪು ಬಣ್ಣದ್ದು ಕೊಡಿ" ಎಂದಳು. ಮೂರೂ ಕಪ್ಪೇ ಇದ್ದವು.

ಬಳಸಿ ನೋಡಲು ಎಂದು ಫೋನಿನವನು ನಾಲ್ಕು ಮೇಜಿಗೆ ಹೊಸ ಫೋನು ಹಾಕಿಕೊಟ್ಟ. ಗಂಟಲಿಗೆ ಪರದೆಯಿಲ್ಲದ್ದು, ಮೇಡಂಗೆ ಸಣ್ಣ ಪರದೆಯದು, ದೊಡ್ಡ ಸಾಹೇಬರಿಗೂ ಇವನಿಗೂ ದೀಪದ ಹಲಗೆಯದು. ಹಲಗೆಯ ಮೇಲೆ ಚೀಟಿ ಅಂಟಿಸಿ ಹೇಳಿಕೊಟ್ಟ. "ಹಸಿರಿದ್ರೆ ಅವರು ಸುಮ್ಮನಿದಾರೆ ಅಂತ. ಕೆಂಪಿದ್ರೆ ಮಾತಾಡ್ತಾ ಇದಾರೆ. ಕೆಂಪು ಮಿಣುಕ್ತಾ ಇದ್ರೆ ಅವರ ಫೋನ್ ರಿಂಗಾಗ್ತಾ ಇದೆ, ಯಾರೂ ಎತ್ತಿಲ್ಲ. ಆಗ ಆ ಗುಂಡಿ ಒತ್ತಿದ್ರೆ ಅವರ ಕರೆ ನಿಮಗೆ ಬರುತ್ತೆ. ದೊಡ್ಡ ಸಾಹೇಬ್ರದ್ದು ಮಾತ್ರ ನೋಡ್ಕೊಂಡು ಒತ್ತಿ ಸಾರ್" ಎಂದು ಕಣ್ಣು ಮಿಟುಕಿಸಿದ. ಅಲ್ಲಿಗೆ ಮುಗಿಯಿತು ಇವನ ನೆಮ್ಮದಿ. ಮೊದಲು ಗಾಜಿನ ಆಚೆ ಯಾರು ಯಾರೊಡನೆ ಮಾತಾಡುತ್ತಾರೆಂದು ಗೊತ್ತಾಗುತ್ತಿರಲಿಲ್ಲ, ಗೊತ್ತಾಗದ್ದರಿಂದ ಉಂಡು ಮಲಗಬಹುದಿತ್ತು. ಈಗ ದೊಡ್ಡ ಸಾಹೇಬರ ದೀಪ ಕೆಂಪಾಗುತ್ತದೆ, ಆ ಕೂಡಲೇ ಮೇಡಂ ದೀಪ ಕೆಂಪಾಗುತ್ತದೆ. ಎರಡೂ ಒಟ್ಟಿಗೆ ಹಸಿರಾಗುತ್ತವೆ. ಹತ್ತು ಹೆಜ್ಜೆ ದೂರದಲ್ಲಿ ಕೂತವರು ಫೋನಿನಲ್ಲಿ ಮಾತಾಡುವುದೆಂದರೆ ಇವನಿಗೆ ಕೇಳಬಾರದೆಂದೇ ಅಲ್ಲವೇ? ಖಾಲಿ ಫೈಲೊಂದನ್ನು ಕಂಕುಳಲ್ಲಿಟ್ಟುಕೊಂಡು ಮೇಡಂ ಕೋಣೆಯ ಮುಂದೆ ಹಾದುಹೋದ. ಅವಳು ರಿಸೀವರಿಗೆ ನಗುತ್ತಿದ್ದಳು. ತಿರುಗಿ ಬರುವಾಗಲೂ ನಗುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಇವನದು. ನಗುವವರನ್ನು ಕಂಡರೆ ತನ್ನ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಳ್ಳುತ್ತಾನೆ. ನೋಡಿಕೊಂಡ. ಹೊಟ್ಟೆಯ ಹತ್ತಿರದ್ದು ಬಿಚ್ಚಿಕೊಂಡಿತ್ತು.

ಇನ್ನೊಂದು ಸಂಕಟವೂ ಇತ್ತು, ಅದು ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಅವರ ದೀಪ ಇವನಿಗೆ ಕಾಣುವ ಹಾಗೆ ಇವನ ದೀಪವೂ ದೊಡ್ಡ ಸಾಹೇಬರ ಹಲಗೆಯಲ್ಲಿ ಕಾಣುತ್ತದಲ್ಲ. ಅದು ಬೆಳಗಿಂದ ಸಂಜೆಯವರೆಗೆ ಹಸಿರು. ಆ ಬಣ್ಣದ ಪರದೆಯ, ತೂಕದ ರಿಸೀವರಿನ, ಇಪ್ಪತ್ತು ಬಗೆಯ ರಿಂಗಿನ ಫೋನಿಗೆ ಒಬ್ಬ ನರಮನುಷ್ಯನೂ ಫೋನು ಮಾಡುತ್ತಿರಲಿಲ್ಲ. ಎರಡು ದಿನ ನೋಡಿದ. ಆಮೇಲೆ ಉಪಾಯ ಹೊಳೆಯಿತು. ತನ್ನ ಮನೆಯ ಫ್ರಿಜ್ಜು ಕೆಟ್ಟರೆ ಮಾಡಬೇಕಾದ ಕಂಪನಿಯ ನಂಬರು ಅವನ ಬಳಿ ಇತ್ತು, ಅದಕ್ಕೆ ಮಾಡಿದ. ಫ್ರಿಜ್ಜು ಚೆನ್ನಾಗಿಯೇ ಇತ್ತು. ರೆಕಾರ್ಡು ಮಾಡಿಟ್ಟ ಹೆಣ್ಣು ದನಿಯೊಂದು "ನಿಮ್ಮ ಕರೆ ನಮಗೆ ಬಹಳ ಮುಖ್ಯ, ದಯವಿಟ್ಟು ಕಾಯಿರಿ" ಎಂದು, ಸಂಗೀತ ಹಾಕಿ, ಮತ್ತೆ ನೀವು ನಮಗೆ ಮುಖ್ಯ ಎನ್ನುತ್ತಿತ್ತು. ಇವನು ಒಂದು ಹಾಳೆಯ ಮೇಲೆ ಏನೋ ಗೀಚುತ್ತಾ, ನಡುನಡುವೆ ತಲೆಯಾಡಿಸುತ್ತಾ, ಆ ದನಿಯನ್ನು ಕೇಳುತ್ತಾ ಕೂತ. ಇಂಪಾಗಿತ್ತು. ಅಕಸ್ಮಾತ್ ಮನುಷ್ಯರು ಯಾರಾದರೂ ಎತ್ತಿದರೆ ಗಾಬರಿಯಾಗಿ ಇಟ್ಟು, ಮತ್ತೆ ಮಾಡುತ್ತಿದ್ದ. ಸಂಜೆ ದೊಡ್ಡ ಸಾಹೇಬರು ಹೊರಡುವಾಗ "ಏನ್ರೀ, ಇವತ್ತೆಲ್ಲಾ ಫೋನಲ್ಲೇ ಇದ್ರಲ್ಲ" ಎಂದರು. "ಏನ್ ಮಾಡೋದು ಸಾರ್, ಬಿಡೋದೇ ಇಲ್ಲ" ಎಂದ, ಸುಸ್ತಾದವನ ಹಾಗೆ ಕಣ್ಣುಜ್ಜಿಕೊಂಡು. ಅವರು ಅವನ ಭುಜ ತಟ್ಟಿ ಹೋದರು. ಎಂದೂ ತಟ್ಟಿದವರಲ್ಲ.

ಮನೆಯಲ್ಲಿ ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿರುತ್ತಾಳೆ, ಇವನು ಎದುರಿಗೆ ಕೂತು ಹೇಳುತ್ತಾನೆ. ಆಫೀಸಿನ ವಿಷಯ ಎಂದರೆ ಎದ್ದು ಹೋಗುತ್ತಿದ್ದವಳು ಈಗ "ಇವತ್ತೇನಾಯ್ತು ಫೋನಿಂದು?" ಎಂದು ತಾನಾಗಿ ಕೇಳುತ್ತಾಳೆ. ಅವನ ಮನಸ್ಸು ಎರಡು ಕಡೆ ಓಡುತ್ತದೆ. ಗಂಡ ಮೇಲೆ ಬರುವ ಹೊತ್ತಿಗೆ ಎಂಥ ಹೆಂಗಸೂ ದಾರಿಗೆ ಬರುತ್ತಾಳೆ ಎಂದು ಒಂದು ಕಡೆ, ಪಾಪ ಇಷ್ಟು ದಿನ ಇವಳಿಗೆ ಹೇಳಲು ನನ್ನ ಹತ್ತಿರ ಏನಿತ್ತು ಎಂದು ಇನ್ನೊಂದು ಕಡೆ. ಎರಡು ಲೋಟಗಳನ್ನು ಎಳೆದಿಟ್ಟುಕೊಂಡು, ಇದು ದೊಡ್ಡ ಸಾಹೇಬರ ಫೋನು, ಇದು ನನ್ನದು, ಈಗ ಅವರಿಗೆ ಬಂದ ಕರೆ ಇಲ್ಲಿಗೆ ಬಂತು, ಈಗ ನಾನು ಅದನ್ನು ಅವರಿಗೆ ದಾಟಿಸಿದೆ ಎಂದು ತೋರಿಸುತ್ತಾನೆ. ಅವಳು ಕಾಯಿಯ ಮೇಲಿನ ಕಣ್ಣು ತೆಗೆಯದೆ ಹೂಂ ಹೂಂ ಎನ್ನುತ್ತಾಳೆ. "ಇದೆಲ್ಲಾ ಮುಗಿಯೋದು ಯಾವಾಗ ರೀ?" "ಈ ವಾರ ಆರ್ಡರ್ ಕೊಟ್ಟುಬಿಡ್ತೀನಿ." "ಇಷ್ಟು ಬೇಗನಾ? ಇನ್ನೊಂದೆರಡು ಕಂಪನಿಯದ್ದು ನೋಡಬಹುದಲ್ಲ. ಅವಸರ ಯಾಕೆ?" "ಅವಸರ ಇಲ್ಲ ಅಂತ ಸಾಹೇಬ್ರೂ ಹೇಳಿದಾರೆ. ಆದ್ರೆ ತೀರ್ಮಾನ ಮಾಡೋಕೆ ಬರುತ್ತೆ ಅಂತ ತೋರಿಸ್ಬೇಕಲ್ಲ ಈಗ." ಅವಳ ಕೈ ನಿಂತಿತು. ಏನೋ ಹೇಳಲು ಬಾಯಿ ತೆರೆದು, "ಇನ್ನೊಂದು ಚೂರು ಅನ್ನ ಹಾಕ್ಲಾ?" ಎಂದಳು. ಅವನು ಇನ್ನೂ ಊಟಕ್ಕೇ ಕೂತಿರಲಿಲ್ಲ.

ಆರ್ಡರ್ ಕೊಡುವ ದಿನ ಫೋನಿನವನು ಮಧ್ಯಾಹ್ನವೇ ಬಂದು ಇವನ ಎದುರಿನ ಕುರ್ಚಿಯಲ್ಲಿ ಕೂತ. ಎಲ್ಲವೂ ತೀರ್ಮಾನವಾಗಿತ್ತು, ಒಂದನ್ನು ಬಿಟ್ಟು. ದೀಪದ ಹಲಗೆಯ ಫೋನು ಒಂದು ಬೇಕೋ ಎರಡು ಬೇಕೋ? ಎರಡು ಎಂದರೆ ತಾನು ಎರಡನೆಯವನಾಗಿಯೇ ಉಳಿಯುತ್ತೇನೆಂದು ತಾನೇ ಬರೆದುಕೊಟ್ಟ ಹಾಗೆ. ಒಂದೇ ಸಾಕು ಎಂದರೆ, ದೊಡ್ಡ ಸಾಹೇಬರ ಮೇಜಿನ ಮೇಲಿನದು ನಾಳೆ ತನ್ನದೇ ಎಂಬ ನಂಬಿಕೆ. ಆದರೆ ಆ ನಂಬಿಕೆ ಕೈಕೊಟ್ಟರೆ ಗಂಟಲಿನ ಹಾಗೆ ಪರದೆಯಿಲ್ಲದ ಫೋನು ಹಿಡಿದು ಕೂರಬೇಕು. ಆಳವಾಗಿ ಯೋಚಿಸುವವನ ಹಾಗೆ ಗಲ್ಲ ಹಿಡಿದುಕೊಂಡು ಕೂತ. ಹೆಡ್ಡಾಫೀಸಿನಿಂದ ಕುರ್ಚಿಯ ವಿಷಯ ಈ ವಾರವೇ ಹೊರಬೀಳುತ್ತದೆ ಎಂದು ಬೆಳಿಗ್ಗೆ ತಾನೇ ಕೇಳಿದ್ದ. ಒಂದು ಸಣ್ಣ ಸುಳಿವು ಸಿಕ್ಕರೆ ಸಾಕಿತ್ತು. "ಹಾಗಾದ್ರೆ ಎರಡು ಬರ್ಕೊಳ್ಲಾ ಸಾರ್?" ಎಂದ ಫೋನಿನವನು. "ಇರಿ ಸ್ವಲ್ಪ." ದೊಡ್ಡ ಸಾಹೇಬರು ಕೋಣೆಯಲ್ಲಿರಲಿಲ್ಲ, ಗೋದಾಮಿನ ಮುಂದೆ ಲಾರಿಯೊಂದು ಕಂಬಕ್ಕೆ ಗುದ್ದಿತ್ತೆಂದು ನೋಡಲು ಹೋಗಿದ್ದರು. ಆಗ ಅವರ ದೀಪ ಮಿಣುಕತೊಡಗಿತು.

ಗಾಜಿನ ಆಚೆ ಫೋನು ಬಡಿದುಕೊಳ್ಳುವುದು ಸಣ್ಣಗೆ ಕೇಳಿಸುತ್ತಿತ್ತು. ಯಾರೂ ಎತ್ತುವವರಿಲ್ಲ. ಹೆಡ್ಡಾಫೀಸೇ. ಇನ್ಯಾರು ಈ ಹೊತ್ತಿನಲ್ಲಿ? ಇವನು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡ. ಒತ್ತಬಾರದು ಎಂದು ಯಾರೂ ಹೇಳಿಲ್ಲ, ನೋಡಿಕೊಂಡು ಒತ್ತಿ ಎಂದಿದ್ದಾನೆ ಅಷ್ಟೆ, ಆ ಹೇಳಿದವನೇ ಎದುರಿಗಿದ್ದಾನೆ. ಗುಂಡಿ ಒತ್ತಿ, ಪರದೆಯಲ್ಲಿ ಯಾರ ನಂಬರೆಂದೂ ನೋಡದೆ ತೂಕದ ರಿಸೀವರನ್ನು ಎತ್ತಿ, ಮೂಗಿನಿಂದ "ಹೇಳೀ" ಎಂದ. ಫೋನಿನವನು ಮೆಚ್ಚಿ ಹೆಬ್ಬೆರಳು ಎತ್ತಿದ.

"ನಮಸ್ಕಾರ ಸಾರ್, ನಾನು, ಎರಡನೇ ಸಾಹೇಬ್ರ ಮನೆಯವರು. ಮತ್ತೆ ತೊಂದರೆ ಕೊಡ್ತಾ ಇದೀನಿ, ಬೇಜಾರು ಮಾಡ್ಕೋಬೇಡಿ."

ಹೆಂಡತಿಯ ದನಿಯೇ, ಆದರೆ ಮನೆಯಲ್ಲಿ ಅವನು ಎಂದೂ ಕೇಳಿರದ ದನಿ, ಸೀರೆಯ ಸೆರಗು ಸರಿಮಾಡಿಕೊಂಡು ಆಡುವ ದನಿ. ಅವನ ಕೈ ರಿಸೀವರನ್ನು ಇಟ್ಟುಬಿಡಲು ಹೊರಟಿತು, ಇಡಲಿಲ್ಲ. "ಹೂಂ" ಎಂದ.

"ಕುರ್ಚಿ ಮೇಡಂಗೇ ಅಂತ ತೀರ್ಮಾನ ಆಗಿಹೋಗಿದೆ, ನಿಮ್ಮವರಿಗೆ ಹೇಳೋಕೆ ನನಗೆ ಬಾಯಿ ಬರ್ತಿಲ್ಲ ಅಂದ್ರಲ್ಲ ನೀವು ಆವತ್ತು. ನಾನೇ ಹೇಳ್ತೀನಿ ಅಂದಿದ್ದೆ. ನನ್ನ ಕೈಲೂ ಆಗ್ತಿಲ್ಲ ಸಾರ್. ದಿನಾ ಹೇಳ್ಬೇಕು ಅಂತ ಕೂರ್ತೀನಿ. ಅವರು ನಗ್ತಾ ನಗ್ತಾ ಬಂದ್ಬಿಡ್ತಾರೆ. ನಾನು ಕೈಮುಗಿದು ಕೇಳಿದ್ದಕ್ಕೆ ಆ ಫೋನು ಆರಿಸೋ ಕೆಲಸ ಕೊಟ್ರಲ್ಲ, ನಿಮಗೆ ಪುಣ್ಯ ಬರ್ಲಿ. ಆವತ್ತಿಂದ ಹೊಟ್ಟೆ ತುಂಬ ಊಟ ಮಾಡ್ತಾರೆ, ಗಡ್ಡ ತೆಗೀತಾರೆ. ಮನುಷ್ಯ ಮನುಷ್ಯನ ಹಾಗಿದಾರೆ."

ಫೋನಿನವನು ಎರಡು ಬೆರಳು ತೋರಿಸಿ, ಎರಡಾ ಎಂದು ಹುಬ್ಬು ಹಾರಿಸಿದ. ಇವನು ಅವನನ್ನೇ ನೋಡುತ್ತಿದ್ದ, ಕಾಣುತ್ತಿರಲಿಲ್ಲ. ಭುಜ ತಟ್ಟಿದ ಕೈ, ಪೆನ್ನಿನ ಮುಚ್ಚಳ, ಅವಸರವಿಲ್ಲ ಎಂದದ್ದು, ಹಲ್ಲು ಕಿರಿದು ಬಂದು ಕೂತವರು. ಅವರಿಗೂ ಗೊತ್ತಿತ್ತೇ, ಎಲ್ಲರಿಗೂ ಗೊತ್ತಿತ್ತೇ, ಕತ್ತಿಗೆ ಯಾವ ಹಂತ ಸಾರ್ ಎಂದವನಿಗೂ? ಬಿಗಿ ಅಂಗಿ ಬೆನ್ನಿಗಂಟಿತು.

"ಆದ್ರೆ ಈಗ ಅದು ಮುಗೀತಾ ಬಂತಂತೆ ಸಾರ್. ಇವತ್ತೇ ಆರ್ಡರ್ ಅಂತೆ. ಅದಕ್ಕೇ ಮಾಡ್ದೆ. ಇದು ಮುಗಿದ್ಮೇಲೆ ಇನ್ನೇನಾದ್ರೂ ಕೊಡಿ ಅವರಿಗೆ. ಕುರ್ಚಿ... ಆ ಕುರ್ಚಿ ಅಲ್ಲ ಸಾರ್, ಜನ ಕೂತ್ಕೊಳ್ಳೋ ಕುರ್ಚಿ, ಇಲ್ಲ ಕಿಟಕಿ ಪರದೆ, ಗೋಡೆಗೆ ಬಣ್ಣ, ಏನಾದ್ರೂ ಆರಿಸೋದು. ಆರಿಸೋದು ಅಂದ್ರೆ ಅವರಿಗೆ ಹೊತ್ತು ಹೋಗುತ್ತೆ."

ಈಗ ಇಟ್ಟುಬಿಡಬಹುದಿತ್ತು. ಇಟ್ಟಿದ್ದರೆ ರಾತ್ರಿ ಮನೆಗೆ ಹೋಗಿ ಏನೂ ಗೊತ್ತಿಲ್ಲದವನ ಹಾಗೆ ಹುರುಳಿಕಾಯಿಯ ಮುಂದೆ ಕೂರಬಹುದಿತ್ತು. ಆದರೆ ಹುಣ್ಣು ಎಂದು ಗೊತ್ತಾದ ಮೇಲೆ ಕೆರೆಯದೆ ಬಿಡುವ ಕೈ ಯಾವುದಿದೆ? ಮೂಗಿನ ದನಿ ತೆಗೆದು, ದೊಡ್ಡ ಸಾಹೇಬರ ಹಾಗೆ ಎಳೆದು, "ಆಗಲೀ, ನೋಡೋಣ. ಅವರು ಮನೇಲಿ ಏನಂತಾರೆ?" ಎಂದ.

"ಏನಂತಾರೆ! ಕುರ್ಚಿ ತಮ್ಮದೇ ಅಂತ ನಂಬ್ಕೊಂಡು ಕೂತಿದಾರೆ. ಊಟದ ಹೊತ್ತಿಗೆ ಲೋಟ ಇಟ್ಕೊಂಡು ಫೋನ್ ದಾಟಿಸೋದು ಹೇಳಿಕೊಡ್ತಾರೆ ನನಗೆ. ನಾನು ಹೂಂ ಅಂತೀನಿ. ಮೊದಮೊದಲು ನಗು ಬರ್ತಿತ್ತು ಸಾರ್, ಒಳಗೆ ಹೋಗಿ ನಕ್ಕು ಬರ್ತಿದ್ದೆ. ಈಗ ಒಳಗೆ ಹೋದ್ರೆ ಅಳು ಬರುತ್ತೆ."

ಅವನ ಗಂಟಲಿನಿಂದ ಏನೋ ಒಂದು ಸದ್ದು ಹೊರಟಿತು. ಕೆಮ್ಮೆಂದರೆ ಕೆಮ್ಮಲ್ಲ. ಅದಕ್ಕೆ ದೊಡ್ಡ ಸಾಹೇಬರ ಮೂಗು ಇರಲಿಲ್ಲ. ಆ ಕಡೆ ಮಾತು ನಿಂತಿತು. ಗೋಡೆ ಗಡಿಯಾರದ ಟಿಕ್ ಟಿಕ್ ರಿಸೀವರಿನಲ್ಲಿ ಕೇಳಿಸಿತು, ಅದು ಅವನ ಮನೆಯದೇ ಗಡಿಯಾರ.

"ರೀ?" ಎಂದಳು.

ಮದುವೆಯಾದಂದಿನಿಂದ ಇಬ್ಬರೂ ಹೀಗೆ ಒಬ್ಬರ ಉಸಿರನ್ನು ಒಬ್ಬರು ಕೇಳುತ್ತಾ ಕೂತದ್ದಿಲ್ಲ. ಅಷ್ಟರಲ್ಲಿ ದೊಡ್ಡ ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ ಬಂದು, ಬಾಗಿಲಿಗೆ ಕೈಯಿಟ್ಟು ನಿಂತು, "ಯಾರ್ರೀ ಫೋನು? ನನಗಾ?" ಎಂದರು. ಇವನ ಮುಖ ನೋಡಿ ಕರವಸ್ತ್ರದ ಕೈ ಅಲ್ಲೇ ನಿಂತಿತು. ಇವನು ಅಭ್ಯಾಸಬಲದಿಂದ ಎದ್ದು ನಿಂತುಬಿಟ್ಟಿದ್ದ. "ನಿಮಗೇ ಸಾರ್. ನಮ್ಮ ಮನೆಯವರು" ಎಂದ. ಅವರು ಇವನನ್ನು ನೋಡದೆ ಒಳಗೆ ಹೋಗಿ ಗಾಜಿನ ಹಿಂದೆ ತಮ್ಮ ಫೋನಿನ ಪಕ್ಕ ಕೂತು ಕಾದರು.

ಅವನು ರಿಸೀವರನ್ನು ಬಾಯಿಗೆ ಹತ್ತಿರ ತಂದ. ಬೇಡ ಎನ್ನಲಿ, ಬೇಡ ರೀ, ಮನೆಗೆ ಬನ್ನಿ ಎನ್ನಲಿ, ಅಷ್ಟಂದರೆ ಸಾಕು, ಎಲ್ಲವನ್ನೂ ಕ್ಷಮಿಸಿಬಿಡುತ್ತೇನೆ, ಅವಳನ್ನು, ಈ ಸಾಹೇಬರನ್ನು, ಆ ಮೇಡಂಳನ್ನೂ ಎಂದುಕೊಂಡ.

"ಸಾಹೇಬ್ರು ಬಂದ್ರು. ಕೊಡ್ಲಾ?"

ಆ ಕಡೆ ಬಳೆಗಳು ಸದ್ದಾದವು.

"ಕೊಡಿ" ಎಂದಳು.